ಜೆಕ್ ದೇಶದ ಕುಟ್ನಾ ಹೋರಾ ಊರಿನಲ್ಲಿ, ಮನುಷ್ಯರ ಮೂಳೆಗಳಿಂದ ಅಲಂಕರಿಸಿದ ಮೂಳೆ ಚರ್ಚ್ ಬಿಟ್ಟರೆ ನೋಡಲು ಏನಿದೆ? ಪ್ರಾಗ್‌ನಿಂದ ಒಂದೇ ದಿನದಲ್ಲಿ ಹೋಗಿಬರಬಹುದೇ?

ಖಂಡಿತ ಬರಬಹುದು. ಪ್ರಾಗ್ ಮುಖ್ಯ ನಿಲ್ದಾಣದಿಂದ ನೇರ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಮೂಳೆ ಚರ್ಚ್ ನೋಡಿ ಅಲ್ಲಿಂದಲೇ ವಾಪಸಾಗುವವರು ಬಹಳ. ಆದರೆ ನನ್ನ ಪ್ರಕಾರ ಈ ಊರಿನ ಜೀವಾಳ ಇರುವುದು ಬೆಳ್ಳಿಯಲ್ಲಿ.

13ನೇ ಶತಮಾನದ ಕೊನೆಗೆ ಇಲ್ಲಿ ಬೆಳ್ಳಿಯ ಅದಿರು ಸಿಕ್ಕಿತು. 1300ರಲ್ಲಿ ಬೊಹೀಮಿಯಾದ (ಈಗಿನ ಜೆಕ್ ನಾಡಿನ) ದೊರೆ ಎರಡನೇ ವೆನ್ಸೆಸ್ಲಾಸ್ ಗಣಿಗಳಿಗೊಂದು ಕಾನೂನು ಮಾಡಿ, ನಾಣ್ಯ ಮುದ್ರಣವನ್ನೆಲ್ಲ ಇಲ್ಲಿಯ ವ್ಲಾಶ್ಸ್ಕಿ ದ್ವೂರ್ ಟಂಕಸಾಲೆಗೆ ತಂದ. ಅದಕ್ಕಾಗಿ ಇಟಲಿಯಿಂದ ತಜ್ಞರನ್ನು ಕರೆಸಿದ. ಅಲ್ಲಿ ಅಚ್ಚಾದ ಪ್ರಾಗ್ ಗ್ರೋಶ್ ಎಂಬ ಬೆಳ್ಳಿ ನಾಣ್ಯ ಮೊದಮೊದಲು ಸುಮಾರು 3.7 ಗ್ರಾಂ ತೂಗುತ್ತಿತ್ತು, ನೆರೆಯ ರಾಜ್ಯಗಳಲ್ಲೂ ಚಲಾವಣೆಯಲ್ಲಿತ್ತು. ಓಸೆಲ್ ಎಂಬ ಗಣಿಯಂತೂ ಸುಮಾರು 500 ಮೀಟರ್ ಆಳಕ್ಕೆ ಇಳಿದಿತ್ತು. ನೆಲ ಕೊರೆದದ್ದರಿಂದ ಊರಿನ ನೀರಿನ ಸೆಲೆಗಳು ಕೆಟ್ಟವು. ಹೊರಗಿನಿಂದ ಕೊಳವೆಯಲ್ಲಿ ನೀರು ತರಿಸಬೇಕಾಯಿತು. ಆ ನೀರಿಗಾಗಿ 1495ರಲ್ಲಿ ಕಟ್ಟಿದ ಹನ್ನೆರಡು ಮೂಲೆಯ ಕಲ್ಲಿನ ಕಾರಂಜಿ ಇಂದಿಗೂ ಇದೆ. ಅವಸರದಲ್ಲಿ ಅದನ್ನು ದಾಟಿ ಹೋಗಿಬಿಡಬೇಡಿ.

ಈಗ ದಾರಿ. ಕುಟ್ನಾ ಹೋರಾದ ಮುಖ್ಯ ನಿಲ್ದಾಣ ಇರುವುದು ಮೂಳೆ ಚರ್ಚ್ ಇರುವ ಸೆಡ್ಲೆಟ್ಸ್ ಕಡೆ, ಹಳೇ ಊರಿನಿಂದ ಮೂರು ಕಿಲೋಮೀಟರಿನಷ್ಟು ದೂರ. ಇಳಿದವರೇ ಮೊದಲು ಮೂಳೆ ಚರ್ಚ್ ಮುಗಿಸಿಬಿಡಿ. 40 ಸಾವಿರಕ್ಕೂ ಹೆಚ್ಚು ಜನರ ಮೂಳೆಗಳು ಅಲ್ಲಿವೆ. ಈಗಿರುವ ಜೋಡಣೆ 1870ರಲ್ಲಿ ಫ್ರಾಂಟಿಶೆಕ್ ರಿಂಟ್ ಮಾಡಿದ್ದು. ಟಿಕೆಟ್ ಬಾಗಿಲಲ್ಲಿ ಸಿಗುವುದಿಲ್ಲ, ಹತ್ತಿರದ ಮಾಹಿತಿ ಕೇಂದ್ರದಲ್ಲಿ ಕೊಳ್ಳಬೇಕು. ಸೇಂಟ್ ಬಾರ್ಬರಾ ಚರ್ಚೂ ಸೇರಿದ ಒಟ್ಟು ಟಿಕೆಟ್ ತಗೊಳ್ಳಿ. ಒಳಗೆ ಫೋಟೋ ತೆಗೆಯುವಂತಿಲ್ಲ.

ಅಲ್ಲಿಂದ ಬಸ್ಸೋ ಲೋಕಲ್ ರೈಲೋ ಹಿಡಿದು ಊರಿಗೆ ಬನ್ನಿ. ಹ್ರಾಡೆಕ್ ಕಟ್ಟಡದ ಬೆಳ್ಳಿ ಮ್ಯೂಸಿಯಂನಲ್ಲಿ ಎರಡು ಬಗೆಯ ಪ್ರವಾಸಗಳಿವೆ. ಗಣಿಗೆ ಇಳಿಸುವುದು ಎರಡನೆಯದರಲ್ಲಿ ಮಾತ್ರ. ಗೈಡ್ ಜೊತೆ ಗುಂಪಿನಲ್ಲೇ ಹೋಗಬೇಕು, ಆದ್ದರಿಂದ ಇಂಗ್ಲಿಷ್ ಗುಂಪಿನ ಸಮಯ ಮೊದಲೇ ಬುಕ್ ಮಾಡಿ. ಸೋಮವಾರ ರಜೆ, ಚಳಿಗಾಲದಲ್ಲಂತೂ ಮುಚ್ಚಿರುತ್ತದೆ. ಬಿಳಿ ನಿಲುವಂಗಿ, ಹೆಲ್ಮೆಟ್, ದೀಪ ಅವರೇ ಕೊಡುತ್ತಾರೆ. ಬೇಸಿಗೆಯಲ್ಲೂ ಒಳಗೆ 12 ಡಿಗ್ರಿ, ಸ್ವೆಟರ್ ಬೇಕೇ ಬೇಕು. ಕೆಲವೆಡೆ ಅಡ್ಡಡ್ಡ ನಡೆದು, ಬಗ್ಗಿ ದಾಟಬೇಕು. ಇಕ್ಕಟ್ಟು ಕಂಡರೆ ಉಸಿರುಗಟ್ಟುವವರು, ಮಂಡಿನೋವಿನವರು ಇಳಿಯದಿರುವುದೇ ಒಳ್ಳೆಯದು.

ಸೇಂಟ್ ಬಾರ್ಬರಾ ಚರ್ಚನ್ನು ಗಣಿಗೆ ಇಳಿದು ಬಂದ ನಂತರವೇ ನೋಡಿ. ಗಣಿಗಾರರ ರಕ್ಷಕ ಸಂತಳ ಹೆಸರಿನ ಈ ಚರ್ಚಿನ ಕೆಲಸ 1388ರಲ್ಲಿ ಶುರುವಾಯಿತು. 15ನೇ ಶತಮಾನದ ಹುಸೈಟ್ ಧರ್ಮಯುದ್ಧದಲ್ಲಿ ನಿಂತಿತು, ಆಮೇಲೆ ಬೆಳ್ಳಿ ಬತ್ತಿದಾಗ ಮತ್ತೆ ನಿಂತಿತು, ಮುಗಿದದ್ದು 1905ರಲ್ಲಿ. ಒಳಗೆ ಗಣಿಗಾರನ ಪ್ರತಿಮೆಯೊಂದಿದೆ: ನೀವು ಹಾಕಿದ್ದಂಥದೇ ಬಿಳಿ ಅಂಗಿ, ಹಿಂಬದಿಗೆ ಚರ್ಮದ ಹೊದಿಕೆ. ಇಳಿಜಾರಿನಲ್ಲಿ ಅದರ ಮೇಲೆ ಕೂತು ಜಾರುತ್ತಿದ್ದರು. ಟಂಕಸಾಲೆಯವರ ಪ್ರಾರ್ಥನಾ ಕೋಣೆಯಲ್ಲಿ ನಾಣ್ಯ ಬಡಿಯುವವರ ಗೋಡೆಚಿತ್ರ ಹುಡುಕಿ. ಆಮೇಲೆ ತಲೆಯೆತ್ತಿ ಬೆನೆಡಿಕ್ಟ್ ರೈಟ್ ಕಟ್ಟಿದ ಛಾವಣಿ ನೋಡಿ, ಹೂವಿನ ಎಸಳಿನಂತೆ ಸುತ್ತಿಕೊಂಡ ಕಲ್ಲಿನ ಕಮಾನುಗಳು.

ಕೊನೆಗೆ ಹಳೇ ಟಂಕಸಾಲೆ ವ್ಲಾಶ್ಸ್ಕಿ ದ್ವೂರ್. ಸಮಯ ಸಾಲದಿದ್ದರೆ ಮೂಳೆ ಚರ್ಚನ್ನು ಬೇಕಾದರೆ ಬಿಡಿ, ಗಣಿಯನ್ನು ಬಿಡಬೇಡಿ.