ಕರೆಂಟ್‌ಗಾಗಿ ಊರು ಬಿಟ್ಟ ಎಷ್ಟೋ ಶರಾವತಿ ಸಂತ್ರಸ್ತರಿಗೆ ಇನ್ನೂ ಹಕ್ಕುಪತ್ರ ಯಾಕೆ ಸಿಕ್ಕಿಲ್ಲ?

ಅವರಿಗೆ ಕೊಟ್ಟ ಜಮೀನು ದಾಖಲೇಲಿ ಇನ್ನೂ ಕಾಡು ಅಂತಲೇ ಇದೆ, ಅದಕ್ಕೆ. 1964ರಲ್ಲಿ ಶರಾವತಿ ನದಿಗೆ ಲಿಂಗನಮಕ್ಕಿ ಡ್ಯಾಂ ಆದಾಗ ನಾಡಿಗೆ ಬೆಳಕು ಬರ್ಲಿ ಅಂತ ಮನೆ ಗದ್ದೆ ಬಿಟ್ಟು ಬಂದೋರನ್ನ ಕಾಡಿನ ಜಾಗದಲ್ಲಿ ಕೂರಿಸಿದ್ರು, ಅವರು ಅಲ್ಲೇ ತೋಟ ಮಾಡ್ಕೊಂಡ್ರು, ಆದ್ರೆ ಎಷ್ಟೋ ಕಡೆ ಆ ಜಾಗನ ಅರಣ್ಯದ ಲೆಕ್ಕದಿಂದ ಸರಿಯಾಗಿ ತೆಗೀಲೇ ಇಲ್ಲ. ಆಮೇಲೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಅಲ್ಲಿಂದ ಈಚೆ ಕಾಡನ್ನ ಬೇರೆ ಕೆಲಸಕ್ಕೆ ಬಿಡೋಕೆ ಕೇಂದ್ರದ ಒಪ್ಪಿಗೆ ಬೇಕೇ ಬೇಕು, ರಾಜ್ಯ ಒಂದೇ ಸಹಿ ಹಾಕಿದ್ರೆ ಆಗಲ್ಲ.

2025ರಲ್ಲಿ ಆ ಡ್ಯಾಂನ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯ್ತು, ಲಾಂಚ್‌ಗೆ ಕಾದು ಕಾದು ಸುಸ್ತಾದ ನಮ್ಮ ಸಾಗರದ ಕಡೆಯೋರಿಗೆ ನಿಜಕ್ಕೂ ಹೆಮ್ಮೆ. ಆದ್ರೆ ಅದೇ ಹಿನ್ನೀರಿಗೆ ಊರು ಕೊಟ್ಟ ಎಷ್ಟೋ ಜನರ ಮೊಮ್ಮಕ್ಕಳಿಗೆ ಪಹಣೀಲಿ ಹೆಸರಿಲ್ಲ, ಅದಿಲ್ದೆ ಜಮೀನಿನ ಮೇಲೆ ಬ್ಯಾಂಕ್ ಸಾಲನೂ ಹುಟ್ಟಲ್ಲ.