ಹಣ್ಣು ಕೊಟ್ಟ ಕಡ್ಡಿ ಯಾವುದು, ಕೊಡುವ ಕಡ್ಡಿ ಯಾವುದು?

ಪ್ರಶ್ನೆ: ಸರ್, ಕೊಡಗಿನ ನೆಂಟರ ಮನೆಯಿಂದ ತಂದ ರಾಸ್ಪ್‌ಬೆರಿ ಗಿಡ ನಮ್ಮ ಹಿತ್ತಲಲ್ಲಿ ಚೆನ್ನಾಗಿ ಬೆಳೆದಿದೆ. ಹೋದ ವರ್ಷ ಮಾರ್ಚ್‌ನಲ್ಲಿ ಕಪ್ಪು ಹಣ್ಣು ಬಿಟ್ಟಿತ್ತು. ಗುಲಾಬಿಗೆ ಮಾಡುವಂತೆ ಡಿಸೆಂಬರ್‌ನಲ್ಲಿ ಗೇಣುದ್ದ ಬಿಟ್ಟು ಎಲ್ಲ ಕಡ್ಡಿ ಕತ್ತರಿಸಿದೆ. ಈ ಸಲ ಒಂದು ಹಣ್ಣೂ ಇಲ್ಲ, ಬರೀ ಮುಳ್ಳಿನ ಪೊದೆ. ಮತ್ತೆ ಕತ್ತರಿಸಲೇ? ಮಗ ಕೆಂಪು ರಾಸ್ಪ್‌ಬೆರಿ ಸಸಿಯನ್ನೂ ತರಿಸೋಣ ಅನ್ನುತ್ತಿದ್ದಾನೆ. ಇಲ್ಲಿ ಬರುತ್ತದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಕ್ಕಾವ್ರೆ, ಈಗ ಕತ್ತರಿ ಹಚ್ಚಬೇಡಿ. ನಿಮ್ಮ ಗಿಡಕ್ಕೆ ರೋಗವಿಲ್ಲ. ಈ ವರ್ಷ ಹಣ್ಣು ಬಿಡಬೇಕಿದ್ದ ಕಡ್ಡಿಗಳೇ ಡಿಸೆಂಬರ್‌ನಲ್ಲಿ ಹೋಗಿವೆ, ಅಷ್ಟೇ.

ರಾಸ್ಪ್‌ಬೆರಿಯ ಬೇರು ವರ್ಷಾನುಗಟ್ಟಲೆ ಬದುಕುತ್ತದೆ. ಕಡ್ಡಿಯ ಆಯುಷ್ಯ ಮಾತ್ರ ಸುಮಾರು ಎರಡು ವರ್ಷ. ಮೊದಲ ವರ್ಷ ಬುಡದಿಂದ ಎದ್ದು ಸುಮ್ನೆ ಬೆಳೆಯುತ್ತದೆ. ಮರುವರ್ಷ ಅದರ ಪಕ್ಕದ ಚಿಗುರುಗಳಲ್ಲಿ ಹೂ, ಹಣ್ಣು. ಆಮೇಲೆ ಆ ಕಡ್ಡಿ ಒಣಗುತ್ತದೆ. ಬಾಳೆಯಲ್ಲಿ ಗೊನೆ ಬಿಟ್ಟ ದಿಂಡು ಕಡಿದು ಮರಿ ಉಳಿಸಿಕೊಳ್ಳುತ್ತೇವಲ್ಲ, ಇಲ್ಲಿಯ ಲೆಕ್ಕವೂ ಅದೇ. ಗುಲಾಬಿಯ ಲೆಕ್ಕ ಬೇರೆ. ಅದು ಕತ್ತರಿಸಿದ ಮೇಲೆ ಬಂದ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ.

ಆದ್ದರಿಂದ ಎತ್ತರ ನೋಡಿ ಸಮ ಮಾಡುವುದಲ್ಲ, ಕಡ್ಡಿಯ ವಯಸ್ಸು ನೋಡಬೇಕು. ಹೊಸ ಕಡ್ಡಿ ಮೆದುವಾಗಿರುತ್ತದೆ. ಮೇಲೆ ತೆಳುವಾದ ಬಿಳಿ ಪುಡಿ ಇರುತ್ತದೆ, ಬೆರಳಿಂದ ಒರೆಸಿದರೆ ಹೋಗುತ್ತದೆ. ಹಣ್ಣು ಬಿಟ್ಟ ಕಡ್ಡಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಪಕ್ಕದ ಟೊಂಗೆಗಳಲ್ಲಿ ಒಣಗಿದ ಹಣ್ಣಿನ ತೊಟ್ಟು ಕಾಣುತ್ತವೆ. ಗುರುತು ಸಿಗದಿದ್ದರೆ ಹಣ್ಣಿರುವಾಗಲೇ ಆ ಕಡ್ಡಿಗೊಂದು ಬಟ್ಟೆಯ ಚೂರು ಕಟ್ಟಿಬಿಡಿ.

ಈಗ ನಿಮ್ಮ ಪೊದೆಯಲ್ಲಿರುವುದೆಲ್ಲ ಡಿಸೆಂಬರ್ ನಂತರ ಎದ್ದ ಕಡ್ಡಿಗಳು. ಮುಂದಿನ ಹಣ್ಣು ಇವುಗಳಲ್ಲೇ. ಕೈತುಂಬ ದಪ್ಪ ಕೈಗವಸು ಹಾಕಿಕೊಳ್ಳಿ, ಇದರ ಮುಳ್ಳು ಕೊಕ್ಕೆಯಂತೆ ಹಿಡಿಯುತ್ತದೆ. ಐದಾರು ದಪ್ಪ ಕಡ್ಡಿ ಉಳಿಸಿ, ಸಣಕಲು ಮತ್ತು ಒತ್ತೊತ್ತಾಗಿ ಎದ್ದವನ್ನು ಮಾತ್ರ ಬುಡದಿಂದ ತೆಗೆಯಿರಿ. ಉಳಿದವು ಮೂರೂವರೆ ಅಡಿ ಬಂದಾಗ ತುದಿಯ ಕುಡಿ ಚಿವುಟಿ. ಪಕ್ಕದ ಟೊಂಗೆ ಒಡೆಯುತ್ತವೆ. ಟೊಂಗೆ ಜಾಸ್ತಿಯಾದಷ್ಟೂ ಹಣ್ಣು ಜಾಸ್ತಿ. ಈ ಕೆಲಸ ಜುಲೈ, ಆಗಸ್ಟ್‌ನಲ್ಲಿ ಮುಗಿಯಲಿ. ತಡವಾದರೆ ಆ ಟೊಂಗೆಗಳು ಬಲಿಯುವುದಿಲ್ಲ. ಜಡಿಮಳೆಯಲ್ಲಿ ಬೇಡ, ಗಾಯಕ್ಕೆ ಕೊಳೆ ಹತ್ತುತ್ತದೆ. ಎರಡು ಮೂರು ದಿನ ಹೊಳವಾದಾಗ ಮಾಡಿ. ಡಿಸೆಂಬರ್‌ನಲ್ಲಿ ಕತ್ತರಿ ಹಿಡಿಯಲೇಬೇಕು ಅನ್ನಿಸಿದರೆ, ಪಕ್ಕದ ಟೊಂಗೆಗಳನ್ನು ಒಂದಡಿಗೆ ಕತ್ತರಿಸಿ. ಮುಖ್ಯ ಕಡ್ಡಿ ಮುಟ್ಟಬೇಡಿ.

ಹಣ್ಣು ಮುಗಿದ ಕೂಡಲೇ ಆ ಹಳೆ ಕಡ್ಡಿಗಳನ್ನು ನೆಲಕ್ಕೆ ಸಮ ಕತ್ತರಿಸಿ. ಮೋಟು ಉಳಿಸಬೇಡಿ, ಅದರಲ್ಲಿ ಹುಳ ಸೇರುತ್ತದೆ. ದ್ರಾಕ್ಷಿ ಬೆಳೆಯುವವರು ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಮಾಡುವಷ್ಟು ನಾಜೂಕು ಇಲ್ಲಿ ಬೇಕಿಲ್ಲ, ಆದರೆ ಕತ್ತರಿ ಹರಿತವಿರಲಿ.

ಒಂದು ಎಚ್ಚರ. ಬಾಗಿದ ತುದಿ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ನೆರೆಯವರಿಗೆ ಸಸಿ ಕೊಡಬೇಕೆಂದರೆ ಒಳ್ಳೆಯದೇ. ಹಾಗೇ ಬಿಟ್ಟರೆ ಹಿತ್ತಲೆಲ್ಲ ಅದೇ. ನಮ್ಮ ಪಶ್ಚಿಮ ಘಟ್ಟದ ಕಡೆ ಬೆಳೆಯುವ ಈ ಜಾತಿಗೆ ಹೊರದೇಶಗಳಲ್ಲಿ ‘ಮೈಸೂರು ರಾಸ್ಪ್‌ಬೆರಿ’ ಅನ್ನುತ್ತಾರೆ. ಗ್ಯಾಲಪಗೋಸ್ ದ್ವೀಪಗಳಲ್ಲಿ ಇದು ಕಳೆಯಾಗಿ ಹಬ್ಬಿ, ಅಲ್ಲಿಯ ಸ್ವಂತ ಗಿಡಗಳನ್ನೇ ಮುಚ್ಚುತ್ತಿದೆ. ಎರಡು ಗೂಟಕ್ಕೆ ತಂತಿ ಎಳೆದು ಕಡ್ಡಿ ಕಟ್ಟಿಬಿಡಿ. ಕಂಪೌಂಡ್ ದಾಟಿಸಬೇಡಿ.

ನಿಮ್ಮದು ಎರಿ ಮಣ್ಣಾಗಿದ್ದರೆ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಬುಡದ ಸುತ್ತ ನೀರು ಹರಿದುಹೋಗಲು ಕಾಲುವೆ ತೆಗೆಯಿರಿ. ಹೊಸ ಸಸಿಯನ್ನು ಒಂದಡಿ ಎತ್ತರದ ಮಡಿಯಲ್ಲೇ ನೆಡಿ. ಏಪ್ರಿಲ್, ಮೇ ಬಿಸಿಲಿಗೆ ಬುಡಕ್ಕೆ ಕಬ್ಬಿನ ರವದಿ (ಒಣ ಸೋಗೆ) ಹೊದಿಸಿ.

ಇನ್ನು ಮಗನ ಕೆಂಪು ರಾಸ್ಪ್‌ಬೆರಿ. ಹೆಚ್ಚಿನ ಕೆಂಪು ತಳಿಗಳಿಗೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಆಗಲೇ ಮೊಗ್ಗು ಸರಿಯಾಗಿ ಒಡೆಯುವುದು. ಹುಬ್ಬಳ್ಳಿ-ಧಾರವಾಡದಲ್ಲಿ ಅಷ್ಟು ಚಳಿ ಎಲ್ಲಿ? ಮೇಲಿಂದ ನಮ್ಮ ಬೇಸಿಗೆಯ ಬಿಸಿಲು. ಚಿತ್ರ ನೋಡಿ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. ಮಗನಿಗೆ ಬೆರ್ರಿಯ ಆಸೆಯಿದ್ದರೆ ಹಣ್ಣಿನ ಹಿಪ್ಪುನೇರಳೆಯ ಒಂದು ಕಡ್ಡಿ ನೆಡಲಿ. ಅದು ಹೊಸ ಚಿಗುರಿನ ಜೊತೆಗೇ ಕಾಯಿ ಹಿಡಿಯುತ್ತದೆ. ಗಿಡ ಬೆಳೆದು ನಿಂತ ಮೇಲೆ ನಿಮ್ಮ ಡಿಸೆಂಬರ್ ಕತ್ತರಿಯನ್ನು ಅದಕ್ಕೆ ಧಾರಾಳವಾಗಿ ಹಚ್ಚಬಹುದು.