ನುಡಿ ಪ್ರಶ್ನೋತ್ತರ: ತಿಳಿಯದ ಮಾತು, ಅರ್ಥವಿಲ್ಲದ ಮಾತು

ಪ್ರಶ್ನೆ: ನಮ್ಮೂರಿನ ಸಂತೆಗೆ ಬರುವ ಹಕ್ಕಿಪಿಕ್ಕಿ ಜನ ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ನಮಗೆ ಒಂದಕ್ಷರವೂ ತಿಳಿಯುವುದಿಲ್ಲ. ಅದು ಭಾಷೆಯೇ ಅಲ್ಲ, ಬರೀ ಬಡಬಡಿಕೆ ಎಂದು ನನ್ನ ಸ್ನೇಹಿತರು ವಾದಿಸುತ್ತಾರೆ. ಬಡಬಡಿಕೆ ಯಾವುದು, ಭಾಷೆ ಯಾವುದು ಎಂದು ಗುರುತಿಸುವುದು ಹೇಗೆ?
– ಓದುಗರೊಬ್ಬರು, ಹುಣಸೂರು

ಉತ್ತರ: ನಿಮ್ಮ ಸ್ನೇಹಿತರ ವಾದ ಪೂರ್ತಿ ತಪ್ಪು, ಆ ಜನರಿಗೆ ಮಾಡುವ ಅನ್ಯಾಯವೂ ಹೌದು. ಹಕ್ಕಿಪಿಕ್ಕಿಗಳ ಮನೆಮಾತು ವಾಗ್ರಿ. ಅದು ಗುಜರಾತಿಗೆ ಹತ್ತಿರವಾದ ಇಂಡೋ-ಆರ್ಯನ್ ನುಡಿಯಾದ್ದರಿಂದ ಕನ್ನಡದ ಕಿವಿಗೆ ಸುಲಭವಾಗಿ ಹಿಡಿಯುವುದಿಲ್ಲ, ಅಷ್ಟೆ. ನಮಗೆ ತಿಳಿಯುವುದಿಲ್ಲ ಎನ್ನುವುದರಿಂದ ನಮ್ಮ ತಿಳಿವಳಿಕೆಯ ಮಿತಿ ಗೊತ್ತಾಗುತ್ತದೆಯೇ ಹೊರತು ಆ ಮಾತಿನ ಯೋಗ್ಯತೆ ಗೊತ್ತಾಗುವುದಿಲ್ಲ.

ಅರ್ಥವಾಗದಿದ್ದರೂ ಪರೀಕ್ಷಿಸಲು ದಾರಿಯಿದೆ. ಮುಂದಿನ ಸಂತೆಯಲ್ಲಿ ತುಸು ಹೊತ್ತು ನಿಂತು ಗಮನಿಸಿ: ತಾಯಿ ಏನೋ ಹೇಳುತ್ತಾಳೆ, ಮಗು ಹೋಗಿ ಗಂಟಿನಿಂದ ಮಣಿಸರವನ್ನೇ ತೆಗೆದುಕೊಂಡು ಬರುತ್ತದೆ, ಇನ್ನೊಮ್ಮೆ ಅದೇ ಮಾತು ಹೇಳಿದರೆ ಅದೇ ವಸ್ತು ಬರುತ್ತದೆ, ಮಗು ತಪ್ಪಾಗಿ ಉಚ್ಚರಿಸಿದರೆ ದೊಡ್ಡವರು ತಿದ್ದುತ್ತಾರೆ. ನನ್ನ ಮಟ್ಟಿಗೆ ಈ ತಿದ್ದುವಿಕೆಯೇ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಇಬ್ಬರೂ ಒಪ್ಪಿಕೊಂಡ ನಿಯಮವಿದ್ದಾಗ ಮಾತ್ರ ‘ಹಾಗಲ್ಲ, ಹೀಗೆ’ ಎಂದು ತಿದ್ದಲು ಸಾಧ್ಯ. ಬಡಬಡಿಕೆಯಲ್ಲಿ ಯಾರೂ ತಪ್ಪು ಮಾಡಲಾರರು, ಏಕೆಂದರೆ ಅಲ್ಲಿ ಸರಿ ಎಂಬುದೇ ಇಲ್ಲ.

ನಿಯಮ ಮತ್ತು ಅರ್ಥ ಎರಡೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ವ್ಯಾಕರಣಕ್ಕೆ ಸರಿಯಾಗಿದ್ದೂ ಅರ್ಥ ಕೂಡದ ವಾಕ್ಯ ಸಾಧ್ಯ ಎಂಬುದನ್ನು ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ 1957ರಲ್ಲಿ ಒಂದೇ ಉದಾಹರಣೆಯಿಂದ ತೋರಿಸಿಕೊಟ್ಟರು. ಕನ್ನಡದಲ್ಲಿ ನಾನು ಕಟ್ಟಿದ ಈ ವಾಕ್ಯವನ್ನು ನೋಡಿ: ‘ಎರಡು ಜೊಣಪಗಳು ಲಬ್ಬಟೆಯನ್ನು ತೆಂಚಿದವು.’ ಮೂರು ಪದಗಳು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಆದರೂ ತೆಂಚಿದ್ದು ಯಾರು, ಏನನ್ನು, ಎಷ್ಟು ಮಂದಿ, ಆಗಿಹೋಯಿತೋ ಆಗಲಿದೆಯೋ ಎಂದು ಕೇಳಿದರೆ ಮಂಡ್ಯದ ಯಾವ ಶಾಲಾಬಾಲಕನಾದರೂ ಥಟ್ಟನೆ ಉತ್ತರ ಹೇಳುತ್ತಾನೆ. ಪದಗಳನ್ನು ಹಿಂದುಮುಂದಾಗಿ ಇಟ್ಟು ‘ಲಬ್ಬಟೆಯನ್ನು ತೆಂಚಿದವು ಎರಡು ಜೊಣಪಗಳು’ ಎಂದರೂ ಕನ್ನಡ ಕೆಡುವುದಿಲ್ಲ. ಪ್ರತ್ಯಯಗಳನ್ನು ಅದಲುಬದಲು ಮಾಡಿ ‘ಜೊಣಪದವು ಲಬ್ಬಟೆಗಳು ತೆಂಚನ್ನು’ ಎಂದರೆ ಮಾತ್ರ ಎಲ್ಲವೂ ಕುಸಿಯುತ್ತದೆ. ನಮ್ಮ ನುಡಿಯ ಜೀವ ಪ್ರತ್ಯಯಗಳಲ್ಲಿದೆ.

ದಿನಬಳಕೆಯಲ್ಲೇ ಇನ್ನೊಂದು ಸೊಗಸಾದ ಉದಾಹರಣೆ ಇದೆ. ‘ಊಟಗೀಟ ಆಯ್ತಾ?’ ಎನ್ನುತ್ತೇವೆ. ‘ಗೀಟ’ ಎಂಬುದಕ್ಕೆ ಒಂಟಿಯಾಗಿ ಅರ್ಥವಿಲ್ಲ. ‘ಊಟ’ದ ಬೆನ್ನಿಗೆ ಬಂದಾಗ ಮಾತ್ರ ‘ಊಟ, ಅಥವಾ ಅಂಥದ್ದು ಏನಾದರೂ’ ಎಂಬ ಅರ್ಥ ಕೊಡುತ್ತದೆ. ಅದರ ನಿಯಮವೂ ಖಚಿತವಾಗಿದೆ: ಮೊದಲ ಅಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’. ಹಣಗಿಣ, ಮನೆಗಿನೆ, ಕಾಫಿಗೀಫಿ, ಹಾವುಗೀವು. ಇದನ್ನು ಯಾವ ಮೇಷ್ಟರೂ ಕಲಿಸಿಲ್ಲ, ಆದರೂ ‘ಊಟಗಿಟ’ ಎಂದು ಯಾರೂ ಎಡವುವುದಿಲ್ಲ. ಮಕ್ಕಳು ಅಕ್ಷರಕ್ಕೊಂದು ‘ಕ’ ಸೇರಿಸಿ ‘ಕನೀಕನು ಕಬಾ’ ಎಂದು ಆಡುವ ‘ಕ’ ಭಾಷೆಯೂ ಬಡಬಡಿಕೆಯಲ್ಲ; ‘ಕ’ ತೆಗೆದರೆ ‘ನೀನು ಬಾ’ ಉಳಿಯುತ್ತದೆ.

ಪ್ರಶ್ನೆ: ಈಜಿಪ್ಟಿನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆ ಎಂದು ಓದಿದ್ದೇನೆ. ಅವು ನಗಿಸಲು ಬರೆದ ಅರ್ಥವಿಲ್ಲದ ಶಬ್ದಗಳು ಎನ್ನುವವರೂ ಇದ್ದಾರೆ. ಯಾವುದು ನಿಜ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ, ಕ್ರಿಸ್ತಶಕ 2ನೆಯ ಶತಮಾನದ್ದೆನ್ನಲಾದ 413ನೆಯ ಸಂಖ್ಯೆಯ ಪಪೈರಸ್ (ಜೊಂಡಿನ ಹಾಳೆಯ ಮೇಲಿನ ಬರಹ) ಅದು. ಭಾರತದ ಕಡಲತೀರದಲ್ಲಿ ಸೆರೆಯಾಗಿರುವ ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು ಅಲ್ಲಿಯ ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದು ಕಥೆ. ಅರಸನೂ ಅವನ ಜನರೂ ಆಡುವ ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಸೂಚಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ಮತವನ್ನು ಬೆಂಬಲಿಸಿದರು. 1926ರಲ್ಲಿ ಬ್ರಿಟಿಷ್ ವಿದ್ವಾಂಸ ಎಲ್. ಡಿ. ಬಾರ್ನೆಟ್ ಅದನ್ನು ಒಪ್ಪಲಿಲ್ಲ.

ನಮ್ಮ ನುಡಿ ಅಷ್ಟು ಹಿಂದೆ ಅಷ್ಟು ದೂರ ಹೋಗಿತ್ತು ಎಂದು ನಂಬಲು ನನಗೂ ಆಸೆಯಿದೆ. ಆದರೆ ಈ ಆಸೆಯಿಂದಲೇ ಎಚ್ಚರ ತಪ್ಪಬಾರದು. ಯಾವುದೇ ಉದ್ದನೆಯ ಶಬ್ದಸರಣಿಯನ್ನು ಬೇಕಾದ ಕಡೆ ತುಂಡರಿಸಿ, ಸ್ವರಗಳನ್ನು ತುಸು ಬದಲಿಸಿಕೊಂಡರೆ, ನಮಗೆ ಗೊತ್ತಿರುವ ಭಾಷೆಯ ಒಂದೆರಡು ಪದ ಅಲ್ಲಿ ಕೇಳಿಸಿಯೇ ಕೇಳಿಸುತ್ತದೆ. ಪಾನದ ದೃಶ್ಯದಲ್ಲಿ ‘ಮಧು’, ‘ಪಾತ್ರ’ ಕಂಡುಬಂದವು ಎಂದರೆ ಸಾಲದು. ಅವುಗಳ ಅಕ್ಕಪಕ್ಕದ ಅಕ್ಷರಗಳೂ ಅದೇ ವ್ಯಾಕರಣಕ್ಕೆ ಒಳಪಡಬೇಕು, ಒಂದೇ ಪ್ರತ್ಯಯ ಬೇರೆ ಬೇರೆ ಸಾಲುಗಳಲ್ಲಿ ಒಂದೇ ಕೆಲಸ ಮಾಡಬೇಕು. ಹೋಲಿಸಿ ನೋಡಲು ಹಲ್ಮಿಡಿ ಶಾಸನದಂಥ ನಮ್ಮ ಹಳೆಯ ಬರಹಗಳು ಸಿಗುವುದು ಪಪೈರಸ್ಸಿಗಿಂತ ಎರಡು-ಮೂರು ಶತಮಾನ ಈಚೆಗೆ. ಇನ್ನೊಂದು ಕಡೆ, ಅದು ಗ್ರೀಕ್ ನಾಟಕಕಾರನ ಬರೀ ಕಟ್ಟುಶಬ್ದ ಎನ್ನುವವರೂ ತಮ್ಮ ಮಾತಿಗೆ ಆಧಾರ ಕೊಡಬೇಕಾಗುತ್ತದೆ. ಬಾಯಿಗೆ ಬಂದಂತೆ ಶಬ್ದ ಹುಟ್ಟಿಸುವವರು ಸಾಮಾನ್ಯವಾಗಿ ತಮ್ಮದೇ ಭಾಷೆಯ ಧ್ವನಿಗಳನ್ನು ಹೆಕ್ಕಿ, ಅವನ್ನೇ ಮತ್ತೆಮತ್ತೆ ತಿರುಗಿಸುತ್ತಾರೆ. ಆ ಸಾಲುಗಳಲ್ಲಿ ಹಾಗೆ ಆಗಿದೆಯೇ ಎಂದು ತೋರಿಸಬೇಕು. ಕನ್ನಡವೆಂಬುದು ಸಾಧ್ಯ, ಸಿದ್ಧವಾಗಿಲ್ಲ ಎಂಬುದು ನನ್ನ ನಿಲುವು.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ನಿನ್ನೆಮೊನ್ನೆಯವರೆಗೆ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಅರ್ಥವಿಲ್ಲದೆ ಸರಾಗವಾಗಿ ಮಾತಾಡತೊಡಗಿದ್ದಾರೆ. ಮನೆಯವರು ಅರಳುಮರಳು ಎನ್ನುತ್ತಾರೆ. ಹೌದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಇದನ್ನು ಅರಳುಮರಳು ಎಂದು ತಳ್ಳಿಹಾಕಬೇಡಿ, ಇನ್ನೂ ತೋರಿಸಿಲ್ಲವಾದರೆ ಈ ಉತ್ತರ ಓದಿದ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಮಿದುಳಿನ ಎಡಭಾಗದಲ್ಲಿ, ಕಿವಿಯ ಹಿಂದುಮೇಲಿನ ಪ್ರದೇಶಕ್ಕೆ ಪಾರ್ಶ್ವವಾಯುವಿನಿಂದ ಪೆಟ್ಟು ಬಿದ್ದರೆ ಹೀಗಾಗುತ್ತದೆ. 1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯರು ಇದನ್ನು ವಿವರಿಸಿದರು. ಮಾತಿನ ಏರಿಳಿತ, ಓಟ ಎಲ್ಲವೂ ಮೊದಲಿನಂತೆಯೇ ಇರುತ್ತವೆ, ಪದಗಳು ಮಾತ್ರ ತಪ್ಪುತ್ತವೆ ಅಥವಾ ಹೊಸದಾಗಿ ಹುಟ್ಟುತ್ತವೆ. ತಮ್ಮ ಮಾತು ಕೆಟ್ಟಿದೆ ಎಂಬುದು ಅನೇಕ ವೇಳೆ ಅವರಿಗೇ ತಿಳಿಯುವುದಿಲ್ಲ. ಕೈಕಾಲು ಬೀಳದೆಯೂ ಇದು ಬರಬಹುದಾದ್ದರಿಂದ ಮನೆಯವರು ಮೋಸಹೋಗುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಸಮಯ ಮೀರಿದ್ದರೂ ಚಿಕಿತ್ಸೆ ಬೇಕೇ ಬೇಕು.

ಮುಂದೆ ಮಾತಿನ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಂಡ್ಯದವರಿಗೆ ಅದು ದೂರವೇನಲ್ಲ. ಮನೆಯಲ್ಲಿ ಅವರೊಡನೆ ಗಟ್ಟಿಯಾಗಿ ಕೂಗಬೇಡಿ, ಅವರ ಮಾತನ್ನು ಅಣಕಿಸಲು ಮಕ್ಕಳಿಗೆ ಬಿಡಬೇಡಿ. ಚಿಕ್ಕ ವಾಕ್ಯಗಳಲ್ಲಿ ನಿಧಾನವಾಗಿ ಹೇಳಿ, ಲೋಟವನ್ನೋ ತಟ್ಟೆಯನ್ನೋ ಕೈಯಲ್ಲಿ ಹಿಡಿದು ತೋರಿಸಿ ಕೇಳಿ, ಉತ್ತರಕ್ಕೆ ಕಾಯಿರಿ.